ಸರಪಳಿಯಲ್ಲಿ ಒಂಬತ್ತು ಹೆಸರು

ಆ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಜಯಲತಾ ಸ್ನಾನಕ್ಕೆ ಹೋದಳು. ಹನ್ನೊಂದು ವರ್ಷಗಳಲ್ಲಿ ಆ ಹೊತ್ತಿಗೆ ಆಕೆ ಬಚ್ಚಲಿನ ಕಡೆ ಮುಖ ಮಾಡಿದ್ದು ಅದೇ ಮೊದಲು. ಆರು ಗಂಟೆಯೆಂದರೆ ಅಡುಗೆಮನೆಯ ಸ್ಟೂಲಿನ ಮೇಲೆ, ತಲೆಗೆ ಸೆರಗು ಹೊದ್ದು, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿರಬೇಕಾದ ಹೊತ್ತು. ಆರೂ ಹತ್ತಕ್ಕೆ ಘಣಸೋಲಿಯಿಂದ ಜಯಶೀಲಣ್ಣನ ಫೋನು ಬರುತ್ತಿತ್ತು. ಇವತ್ತು ಬರುವುದಿಲ್ಲ. ಬರುವುದು ಬೇಡವೆಂದು ನಿನ್ನೆ ಆಕೆಯೇ ಹೇಳಿ ಬಂದಿದ್ದಳು.

ಅವರದು ಠಾಣೆಯಲ್ಲಿ ಸೇರುವ ಕನ್ನಡ ಸಭೆ. ಸ್ವಂತ ದೇವಾಲಯವಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರ ಚರ್ಚಿನ ಹಿಂದಿನ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಕೂಡುತ್ತಾರೆ. ಉಡುಪಿ ಮಂಗಳೂರಿನವರು, ಗದಗ ಧಾರವಾಡದವರು ಎಲ್ಲ ಸೇರಿ ಮೂವತ್ತು ಮನೆ. ಭಾನುವಾರ ಮೂರು ತಾಸು ಒಟ್ಟಿಗಿದ್ದರೆ ಉಳಿದ ಆರು ದಿನ ಒಬ್ಬರು ಕಲ್ಯಾಣದಲ್ಲಿ, ಒಬ್ಬರು ವಾಶಿಯಲ್ಲಿ. ಯಾರು ಬದುಕಿದ್ದಾರೆ ಯಾರು ಮಲಗಿದ್ದಾರೆ ಎಂದು ತಿಳಿಯುವ ದಾರಿಯಿಲ್ಲ. ಅದಕ್ಕೇ ಸಾನಪಾಡಾದ ಅಪ್ಪಿ ಟೀಚರು, ಶಾಲೆಯಿಂದ ನಿವೃತ್ತರಾದ ವರ್ಷ, ಸರಪಳಿ ಶುರು ಮಾಡಿದರು.

ಸರಪಳಿಯ ಕ್ರಮ ಇಷ್ಟೇ. ಐದೂವರೆಗೆ ಟೀಚರು ಒಬ್ಬರಿಗೆ ಫೋನು ಮಾಡಿ ಆ ದಿನದ ಬೈಬಲ್ ವಾಕ್ಯವನ್ನು ಬಾಯಿಪಾಠ ಹೇಳುತ್ತಾರೆ. ಅದರ ಬೆನ್ನಿಗೆ ಆ ವಾರ ಪ್ರಾರ್ಥನೆ ಬೇಕಾದವರ ಹೆಸರು, ಊರು, ಕಷ್ಟ. ಕೇಳಿದವರು ಎಲ್ಲವನ್ನೂ ತಿರುಗಿ ಒಪ್ಪಿಸಿ, ಮುಂದಿನವರಿಗೆ ಫೋನು ಮಾಡಬೇಕು. ಹನ್ನೆರಡು ಮನೆ ಸುತ್ತಿ ಏಳು ಗಂಟೆಯೊಳಗೆ ಎಲ್ಲವೂ ಟೀಚರ ಕಿವಿಗೇ ಮರಳಿ ಬರಬೇಕು. ಬರೆದುಕೊಳ್ಳುವ ಹಾಗಿಲ್ಲ. "ಪ್ರಾರ್ಥನೆ ಮಾಡುವುದು ನೀವು, ಕಾಗದ ಅಲ್ಲ," ಎಂದು ಟೀಚರು ಮೊದಲ ದಿನವೇ ಖಡಾಖಂಡಿತ ಹೇಳಿದ್ದರು.

ಜಯಲತಾ ಆ ಸಾಲಿನಲ್ಲಿ ಹತ್ತನೆಯವಳು. ಆಕೆಗೆ ಹೇಳುವವನು ಘಣಸೋಲಿಯ ಜಯಶೀಲಣ್ಣ; ಒಂದು ಕಾರ್ಖಾನೆಯ ಕ್ಯಾಂಟೀನನ್ನು ಮೂವತ್ತು ವರ್ಷ ನಡೆಸಿದವನು, ಈಗ ಎಪ್ಪತ್ತನಾಲ್ಕು. ಆಕೆ ಹೇಳಬೇಕಾದದ್ದು ಕಲ್ಯಾಣದ ಶೇಖರನಿಗೆ. ಅವನು ಠಾಣೆಯ ಸಮಿತ್‌ಗೆ ಹೇಳಿದರೆ, ಸಮಿತ್‌ನಿಂದ ಮತ್ತೆ ಟೀಚರಿಗೆ.

ನಿನ್ನೆ ಆರಾಧನೆಯ ಮೇಲೆ ಸಮಿತ್ ಪಟ್ಟಿ ಹಿಡಿದು ಓಡಾಡುತ್ತಿದ್ದ. ಈ ವರ್ಷ ಸಭೆಯ ಕಾರ್ಯದರ್ಶಿ ಅವನು. ಯಾರು ಕೀಬೋರ್ಡು, ಯಾರು ಮಕ್ಕಳ ಪಾಠ, ಯಾರು ಕ್ರಿಸ್ಮಸ್ಸಿಗೆ ಅಡುಗೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಜಯಲತಾಳ ಸರದಿ ಬಂದಾಗ ಆಕೆಗೆ ಹೇಳಲು ಏನೂ ಇರಲಿಲ್ಲ. ಹಾಡಲು ಗಂಟಲಿಲ್ಲ, ಹತ್ತು ಜನರೆದುರು ನಿಂತರೆ ಮಾತು ಹೊರಡುವುದಿಲ್ಲ. ಡೊಂಬಿವಲಿಯ ಮನೆಯಲ್ಲಿ ಕೂತು ರವಿಕೆ ಹೊಲಿಯುವವಳು.

"ನನ್ನ ಹೆಸರು ಸರಪಳಿಯಿಂದ ತೆಗೆದುಬಿಡು ಮಗಾ," ಎಂದಳು. "ಅಲ್ಲಿ ಕೇಳಿದ್ದು ಇಲ್ಲಿ ಹೇಳುವುದು, ಅಷ್ಟೇ ಅಲ್ವಾ. ಜಯಶೀಲಣ್ಣನೇ ಶೇಖರನಿಗೆ ನೇರ ಹೇಳಿದರೆ ಹತ್ತು ನಿಮಿಷ ಉಳೀತದೆ."

"ಪಕ್ಕಾ ಆಂಟಿ? ಠೀಕ್ ಹೈ, ನೀವು ಆರಾಮ್ ಮಾಡಿ." ಸಮಿತ್ ಮರ್ಯಾದೆಯ ಹುಡುಗ. ಹಿರಿಯರು ಹೇಳಿದ್ದನ್ನು ಯಾಕೆಂದು ಕೇಳುವ ಅಭ್ಯಾಸ ಅವನಿಗಿಲ್ಲ. ಹೆಸರಿನ ಮೇಲೆ ನೇರವಾಗಿ ಒಂದು ಗೀಟು ಎಳೆದ. ಪಕ್ಕದಲ್ಲಿ ಟೀ ಹೀರುತ್ತಿದ್ದ ಶೇಖರನೂ ತಲೆಯಾಡಿಸಿದ. ಜಯಲತಾ ಚೀಲ ಹೆಗಲಿಗೇರಿಸಿಕೊಂಡು ಸುಮ್ಮನೆ ಒಂದು ಗಳಿಗೆ ನಿಂತಳು. ಯಾರಾದರೂ "ಛೇ, ಅದೇನು" ಎನ್ನಬಹುದೆಂದು ಅವಳಿಗಿತ್ತು. ಯಾರೂ ಅನ್ನಲಿಲ್ಲ. ಟೀಚರು ಆಚೆ ಮೂಲೆಯಲ್ಲಿ ಸೊಸೆ ಸಂಜನಾಳ ಹೆರಿಗೆಯ ಮಾತಿನಲ್ಲಿದ್ದರು. ಸೋಮವಾರ ಬೆಳಿಗ್ಗೆಯೇ ಆಪರೇಷನ್ನು, ಮಗು ಅಡ್ಡ ತಿರುಗಿದೆಯಂತೆ.

ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಕ್ಕಿದ್ದು ಖುಷಿಯೆನಿಸಲಿಲ್ಲ.

ಹೀಗೆ ಸೋಮವಾರ ಆರು ಗಂಟೆಗೆ ಮಾಡಲು ಕೆಲಸವಿಲ್ಲದೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿಗೆ ಮೊದಲೇ ಸ್ನಾನ ಮುಗಿಸಿಬಿಡೋಣವೆಂದು ಹೋದಳು. ಮಿಂದು, ನೈಟಿ ತೊಟ್ಟು, ಚಿಲಕ ಎಳೆದಳು. ಬರಲಿಲ್ಲ. ಇನ್ನಷ್ಟು ಎಳೆದಳು. ತುಕ್ಕು ಹಿಡಿದ ಹಿಡಿ ಕಳಚಿ ಅಂಗೈಗೆ ಬಂತು. ಚಿಲಕದ ಕಡ್ಡಿ ಮಾತ್ರ ಚೌಕಟ್ಟಿನ ತೂತಿನಲ್ಲಿ ಗಟ್ಟಿಯಾಗಿ ಕೂತೇ ಇತ್ತು.

ಮೊದಲು ನಗು ಬಂತು. ಸೋಪು ಸವರಿ ನೋಡಿದಳು, ನೀರು ಹೊಯ್ದಳು, ಹಿಡಿಯಿಂದಲೇ ಮೀಟಿದಳು. ಕಡ್ಡಿ ಕದಲಲಿಲ್ಲ. ಅರ್ಧ ಗಂಟೆ ಕಳೆದಾಗ ನಗು ಹೋಗಿ ಲೆಕ್ಕಾಚಾರ ಶುರುವಾಯಿತು. ಮಗಳು ಅನುಷ್ಕಾ ಆಫೀಸಿನ ತರಬೇತಿಗೆ ಪುಣೆಗೆ ಹೋಗಿದ್ದಾಳೆ, ಬರುವುದು ಗುರುವಾರ. ಫೋನು ಮಾಡುವುದು ರಾತ್ರಿ ಊಟವಾದ ಮೇಲೆ. ಕಟ್ಟಡ ಕೆಡವಿ ಹೊಸದು ಕಟ್ಟುವ ಕರಾರಾಗಿ ಹದಿನಾರು ಮನೆಗಳಲ್ಲಿ ಹತ್ತು ಖಾಲಿಯಾಗಿವೆ. ಆಕೆಯ ಮಹಡಿಯಲ್ಲಿ ಉಳಿದದ್ದು ಆಕೆಯೊಬ್ಬಳೇ. ಫೋನು ಅಡುಗೆಮನೆಯ ಕಟ್ಟೆಯ ಮೇಲಿದೆ. ಹೊಟ್ಟೆಯಲ್ಲಿ ಮಾತ್ರೆಯಿದೆ, ಅನ್ನವಿಲ್ಲ.

ಗಾಜಿನ ಪಟ್ಟಿಗಳ ಸಣ್ಣ ಕಿಟಕಿಯ ಹತ್ತಿರ ಬಾಯಿಟ್ಟು ಕರೆದಳು. "ಯಾರಾದ್ರೂ ಇದ್ದೀರಾ?" ಆಮೇಲೆ ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ. ಯಾರದೋ ನಿದ್ದೆ ಕೆಡಿಸುತ್ತಿದ್ದೇನೋ ಎಂಬ ಸಂಕೋಚ ಪ್ರತಿ ಕೂಗಿನಲ್ಲೂ. ಕೆಳಗೆ ನೀರೆತ್ತುವ ಪಂಪು ಹೊಡೆದುಕೊಳ್ಳುತ್ತಿತ್ತು. ದೂರದಲ್ಲಿ ಕಸಾರಾ ಕಡೆಗಿನ ಗಾಡಿ ಹೋಯಿತು. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

ನಿನ್ನೆ ಆ ಗೀಟು ಎಳೆಸದಿದ್ದರೆ ಇಷ್ಟು ಹೊತ್ತಿಗೆ ಜಯಶೀಲಣ್ಣನ ಫೋನು ಬಂದಿರುತ್ತಿತ್ತು, ಎತ್ತಲಿಲ್ಲವೆಂದು ಅವನಿಗೆ ಗೊತ್ತಾಗಿರುತ್ತಿತ್ತು ಎಂದು ಹೊಳೆದದ್ದು ಆಗ. ತನ್ನನ್ನು ತಾನೇ ಬಿಡಿಸಿಕೊಂಡು ಬಂದಾಗಿದೆ. ಇನ್ನು ಯಾರಿಗೆ ತಿಳಿಯಬೇಕು?

ಏಳು ಗಂಟೆ ದಾಟಿರಬೇಕು, ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು.

ಜಯಲತಾ ಎದ್ದು ನಿಂತು ಬಾಗಿಲಿಗೆ ಕಿವಿಯಿಟ್ಟಳು. ನಿಂತಿತು. ಮತ್ತೆ ಹೊಡೆದುಕೊಂಡಿತು. ನಾಲ್ಕು ಸಲಕ್ಕೆ ನಿಂತದ್ದು ಒಂದು. ಎರಡಕ್ಕೇ ನಿಂತದ್ದು ಇನ್ನೊಂದು. ಆಮೇಲೆ ಒಂದು, ತಾನಾಗಿ ಕಡಿದುಹೋಗುವವರೆಗೂ ಬಿಡದೆ ಬಡಿದುಕೊಂಡಿತು. ಅಷ್ಟು ಹಟದ ಫೋನು ಜಯಶೀಲಣ್ಣನದಲ್ಲದೆ ಬೇರೆಯವರದಲ್ಲ. ಆದರೆ ಅವನಿಗೇಕೆ ತನ್ನ ನೆನಪಾಗಬೇಕು? ನಂಬರು ತಪ್ಪಿ ಒತ್ತಿದನೋ, ಹಳೆಯ ರೂಢಿಯಿಂದ ಮಾಡಿದನೋ. ಹತ್ತು ಸಲವಾದ ಮೇಲೆ ಅದೂ ಸುಮ್ಮನಾಯಿತು. ಹೊಡೆದುಕೊಳ್ಳುತ್ತಿದ್ದಾಗ ಇದ್ದುದಕ್ಕಿಂತ ಮನೆ ಈಗ ದೊಡ್ಡದಾಗಿ ಕೇಳಿಸಿತು.

ಕೈ ನಡುಗಲು ಹತ್ತಿತು. ಹಣೆಯಲ್ಲಿ ತಣ್ಣನೆಯ ಬೆವರು. ಸಕ್ಕರೆ ಇಳಿಯುತ್ತಿದೆ ಎಂದು ಆಕೆಗೆ ಗೊತ್ತಾಯಿತು. ಹೋದ ವರ್ಷ ಒಮ್ಮೆ ಹೀಗಾಗಿ ಅನುಷ್ಕಾ ಬಾಯಿಗೆ ಗ್ಲೂಕೋಸು ಹಿಂಡಿದ್ದಳು. ತಲೆ ತೇಲಬಾರದು, ಮಾತಿನಲ್ಲಿ ಹಿಡಿದಿಡಬೇಕು ಎಂದು ಕಣ್ಣುಮುಚ್ಚಿ ಹೇಳತೊಡಗಿದಳು. ಬಾಯಿಗೆ ಬಂದದ್ದು ಭಾನುವಾರ ಆರಾಧನೆಯ ಕೊನೆಗೆ ಪ್ರಾರ್ಥನೆಗಾಗಿ ಓದಿ ಹೇಳಿದ ಹೆಸರುಗಳು. ವಾಶಿಯ ಕೌಶಲ್, ಮೊಣಕಾಲು. ಭಿವಂಡಿಯ ಪ್ರಮೀಳಕ್ಕ, ಒಂಟಿತನ. ಹೀಗೆ ಒಂಬತ್ತು, ಕೊನೆಗೆ ಸಾನಪಾಡಾದ ಸಂಜನಾ, ಹೆರಿಗೆ. ಉಡುಪಿಯಲ್ಲಿ ಅಜ್ಜಿ ದಿನವೂ ಸಂಜೆ ವಾಕ್ಯ ಹೇಳುತ್ತಿದ್ದ ರಾಗವೊಂದಿತ್ತು, ಏರಿ ಇಳಿದು ಕೊನೆಗೆ ಒಂದೇ ಸ್ವರದಲ್ಲಿ ನಿಲ್ಲುವಂಥದ್ದು. ಏನು ಕೇಳಿದರೂ ಜಯಲತಾಳೊಳಗೆ ಅದು ಆ ರಾಗದಲ್ಲೇ ಹೋಗಿ ಕೂರುತ್ತಿತ್ತು. ಕೂತದ್ದು ಮತ್ತೆ ಏಳುತ್ತಿರಲಿಲ್ಲ. ಒಂಬತ್ತೂ ಮುಗಿಸಿ ಮೊದಲಿನಿಂದ ಹೇಳಿದಳು. ಮತ್ತೆ ಹೇಳಿದಳು. ತನ್ನನ್ನು ಬಿಡಿಸು ಎಂದು ಕೇಳಿಕೊಳ್ಳಬೇಕೆಂಬುದು ನೆನಪಿಗೇ ಬರಲಿಲ್ಲ.

ಎಷ್ಟನೆಯ ಸುತ್ತೋ, ಹೊರಬಾಗಿಲ ಕಡೆ ಲೋಹ ಕೆರೆಯುವ ಸದ್ದಾಯಿತು. ಬೀಗ ಕಟಕ್ಕೆಂದಿತು. ಹೆಜ್ಜೆಗಳು.

"ಜಯಲತಾ! ಒಳಗೆ ಉಂಟಾ ನೀನು?"

ಜಯಶೀಲಣ್ಣನ ದನಿ. ಆಕೆ ಬಾಗಿಲಿಗೆ ಅಂಗೈ ಊರಿದಳು. "ಇದ್ದೇನೆ ಅಣ್ಣ. ಬಚ್ಚಲಲ್ಲಿ."

"ಬಚ್ಚಲಲ್ಲಿ ಎಂತ ಮಾಡ್ತಿದ್ದೀ ಮಾರಾಯ್ತಿ ಬೆಳಿಗ್ಗೆಯಿಂದ?"

"ಚಿಲಕ ಸಿಕ್ಕಿಕೊಂಡಿದೆ."

ಹೊರಗೆ ದೊಡ್ಡದೊಂದು ಉಸಿರು ಬಿಟ್ಟದ್ದು ಬಾಗಿಲಿನಾಚೆಯಿಂದಲೂ ಕೇಳಿಸಿತು. "ದೇವರೇ! ಶೇಖರಾ, ಜೀವ ಉಂಟು. ಬರೀ ಚಿಲಕವಂತೆ."

"ಅಕ್ಕಾರ, ಆರಾಮದೀರಿಲ್ರಿ?" ಶೇಖರನ ಗದಗದ ಮಾತು. ಅವನ ಹಿಂದೆ ಇನ್ನಾರದೋ ಹೆಜ್ಜೆ. "ಚಾವಿವಾಲಾನ್ನ ಕರ್ಕೊಂಡು ಬಂದೀನಿ. ಅಂಜಬ್ಯಾಡ್ರಿ. ಅದು... ಅರಿವಿ ಹಾಕ್ಕೊಂಡೀರಿಲ್ರಿ?"

"ಹಾಕಿದ್ದೇನೆ."

"ಹಂಗಾರ ಚಿಂತಿಲ್ಲ. ಭಾಯ್, ಖೋಲೋ."

"ಶೇಖರಾ, ಮೊದಲು ಸ್ವಲ್ಪ ಸಕ್ಕರೆ ಕೊಡು. ಕೈಕಾಲು ನಿಲ್ಲುತ್ತಿಲ್ಲ."

ಅಡುಗೆಮನೆಯಲ್ಲಿ ಡಬ್ಬಿಗಳು ಉರುಳಿದವು. "ಇದು ಉಪ್ಪು, ಇದು ರವೆ. ಹೆಂಗಸರು ಒಂದು ಹೆಸರಾದರೂ ಬರೆದಿಡಬಾರದಾ!" ಎಂದು ಜಯಶೀಲಣ್ಣ ಬೈಯುತ್ತಿದ್ದ. ಕೊನೆಗೆ ಬಾಗಿಲಿನ ಕೆಳಗಿನ ಸಂದಿಯಿಂದ ಚಪ್ಪಟೆಯಾಗಿ ಮಡಿಸಿದ ಕ್ಯಾಲೆಂಡರಿನ ಹಾಳೆಯೊಂದು ಜಾರಿ ಬಂತು. ಒಳಗೆ ಒಂದು ಹಿಡಿ ಸಕ್ಕರೆ. ಜಯಲತಾ ನೆಲದ ಮೇಲೆ ಕೂತು ಅದನ್ನು ಚಿಟಿಕೆ ಚಿಟಿಕೆಯಾಗಿ ನಾಲಿಗೆಗೆ ಹಾಕಿಕೊಂಡಳು. ಸ್ವಲ್ಪ ಸ್ವಲ್ಪವೇ ನಡುಕ ಇಳಿಯಿತು. ಆಗ ಬಂದ ಅಳುವನ್ನು ಆಕೆ ತಡೆಯಲಿಲ್ಲ. ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಅತ್ತಳು.

ಬೀಗ ರಿಪೇರಿಯ ಆ ಚಾವಿವಾಲಾ ಚೌಕಟ್ಟಿಗೆ ಉಳಿ ಕೊಟ್ಟ. ಕೆಲಸ ಬೇಗ ಮುಗಿಯುವಂಥದ್ದಲ್ಲ ಎಂದ.

"ನಿಮಗೆ ಹೇಗೆ ಗೊತ್ತಾಯ್ತು ಅಣ್ಣ?" ಎಂದು ಒಳಗಿನಿಂದ ಕೇಳಿದಳು. "ನಾನು ಪಟ್ಟಿಯಲ್ಲಿ ಇರಲಿಲ್ಲವಲ್ಲ."

"ಅದೇ ತೊಂದರೆ ಆದದ್ದು!" ಜಯಶೀಲಣ್ಣ ಬಾಗಿಲಿನ ಪಕ್ಕಕ್ಕೇ ಸ್ಟೂಲು ಎಳೆದು ಕೂತಂತಿತ್ತು. "ಏಳು ಗಂಟೆಗೆ ಟೀಚರ ಹತ್ತಿರ ಸರಪಳಿ ವಾಪಸು ಹೋಯಿತು. ವಾಕ್ಯ ಸರಿ ಉಂಟು, ಹೆಸರು ಬರೀ ನಾಲ್ಕು. ಅವರ ಸೊಸೆಯ ಹೆಸರೇ ಇಲ್ಲ. ಆಸ್ಪತ್ರೆಯಲ್ಲಿ ಸೊಸೆಯ ಪಕ್ಕ ಕೂತ ಹೆಂಗಸು, ಹೇಗಾಗಬೇಡ? ಸಮಿತ್‌ನನ್ನು ಹಿಡಿದು ಝಾಡಿಸಿದರು. ಅವನು ಹೇಳಿದ, ಶೇಖರ ಕೊಟ್ಟದ್ದೇ ನಾಲ್ಕು."

"ನಾ ಏನ್ ಮಾಡ್ಲಿ, ನನಗ ಜಯಶೀಲಣ್ಣಾರು ಕೊಟ್ಟಿದ್ದ ನಾಕು."

"ಹೌದು, ನಾಲ್ಕೇ. ನಾನು ಯಾವತ್ತು ನಾಲ್ಕಕ್ಕಿಂತ ಹೆಚ್ಚು ಹೇಳಿದ್ದೇನೆ? ಕೇಳಿದ ಕೂಡಲೇ ಎಲ್ಲ ಒಪ್ಪಿಸುತ್ತೇನೆ, ಫೋನಿಟ್ಟ ಮೇಲೆ ತಲೆಯಲ್ಲಿ ಉಳಿಯುವುದು ಅಷ್ಟೇ. ಮೊದಲ ನಾಲ್ಕು ಹೇಳುತ್ತೇನೆ, ಆಮೇಲೆ 'ಇನ್ನೂ ಉಂಟು' ಅನ್ನುತ್ತೇನೆ. ನೀನು 'ಹೂಂ ಅಣ್ಣ' ಅನ್ನುತ್ತೀ. ಅಲ್ಲಿಗೆ ಮುಗೀತು. ಹನ್ನೊಂದು ವರ್ಷದಿಂದ ಹೀಗೇ ಅಲ್ವಾ?"

ಜಯಲತಾ ಸಕ್ಕರೆಯ ಹಾಳೆಯನ್ನು ಮಡಿಸಿದಳು. ಹೌದು, ಹಾಗೇ. ಅವನು ಬಿಟ್ಟದ್ದನ್ನು ಭಾನುವಾರ ತಾನು ಕೇಳಿದ್ದರಿಂದ ತುಂಬಿಸಿ ಶೇಖರನಿಗೆ ಹೇಳುತ್ತಿದ್ದಳು. ಇದೊಂದು ಕೆಲಸವೆಂದು ಆಕೆಗೆ ಎಂದೂ ಅನಿಸಿರಲಿಲ್ಲ. ಜಯಶೀಲಣ್ಣನಿಗೆ ಮರೆವು ಎಂದು ನಾಲ್ಕು ಜನರಿಗೆ ಗೊತ್ತಾಗುವುದೇಕೆ ಎಂದು ಬಾಯಿಬಿಟ್ಟಿರಲೂ ಇಲ್ಲ.

"ನಾನು ಟೀಚರಿಗೆ ಹೀಗೆಯೇ ಹೇಳಿದೆ," ಅವನು ಮುಂದುವರಿಸಿದ. "ನಾಲ್ಕು ಯಾವುವೆಂದು ಅವರು ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ, 'ಹಾಗಾದರೆ ಇಷ್ಟು ವರ್ಷ ನನ್ನ ಸರಪಳಿ ಹೊತ್ತದ್ದು ಆ ಹೆಂಗಸು. ಅವಳ ಹೆಸರಿಗೆ ಗೀಟು ಹಾಕಿದ್ದು ಯಾರು? ಈಗಲೇ ಫೋನು ಮಾಡಿ, ಉಳಿದ ಐದು ಹೆಸರು ನಾನು ಹೇಳಿಕೊಟ್ಟರಾಗದು, ಅವಳ ಬಾಯಿಂದಲೇ ಬರಬೇಕು' ಅಂದರು. ಎಲ್ಲರೂ ಮಾಡಿದೆವು. ನೀನು ಎತ್ತಲಿಲ್ಲ. ಬೆಳಿಗ್ಗೆಯ ಹೊತ್ತು ಜಯಲತಾ ಫೋನು ಎತ್ತದೇ ಇದ್ದದ್ದು ಉಂಟಾ? ನಾನು ಚಪ್ಪಲಿ ಹಾಕಿದೆ."

"ಎಂಟರ ಗರ್ದಿಯೊಳಗ ಠಾಣೇದಾಗ ಗಾಡಿ ಬದಲಿ ಮಾಡಿ ಬಂದಾರ್ರಿ ಅಕ್ಕಾರ, ಈ ವಯಸ್ಸಿನ್ಯಾಗ," ಎಂದ ಶೇಖರ. "ನಾ ಭಿವಂಡಿ ಗೋದಾಮಿಗೆ ಹೊಂಟಾಂವ, ಅರ್ಧಾ ದಾರೀಲಿಂದ ತಿರುಗಿ ಬಂದೆ. ಮ್ಯಾನೇಜರ್ ಕೇಳಿದ, ಯಾರಿಗೇನಾಗೇತಿ ಅಂತ. ಏನ್ ಹೇಳೂದು? ನಮ್ಮ ಸರಪಳಿ ಹರಿದೈತಿ ಅಂದ್ರ ಅಂವಗೇನ್ ತಿಳೀತೈತಿ. ಅಕ್ಕನ ಸುದ್ದಿ ಇಲ್ಲ ಅಂದೆ."

ಉಳಿಯ ಮೇಲೆ ಸುತ್ತಿಗೆ ಬಿತ್ತು. ಬಾಗಿಲು ಅದುರಿತು, ತೆರೆಯಲಿಲ್ಲ.

ಜಯಶೀಲಣ್ಣ ಗಡಿಯಾರ ನೋಡಿಕೊಂಡಿರಬೇಕು. "ಹೇ ಜಯಲತಾ, ಸಂಜನಾಳನ್ನು ಒಂಬತ್ತಕ್ಕೆ ಒಳಗೆ ಕರಕೊಂಡು ಹೋಗ್ತಾರಂತೆ. ಬಾಗಿಲು ತೆಗೆಯುವಾಗ ತೆಗೀಲಿ. ನೀನು ಅಲ್ಲಿಂದಲೇ ಹೇಳಿಬಿಡು. ಶೇಖರ ಇಲ್ಲೇ ಇದ್ದಾನೆ."

"ಇಲ್ಲಿಂದಲಾ? ಬಚ್ಚಲಿಂದಲಾ?"

"ಬಚ್ಚಲಿಂದ ಹೇಳಿದರೆ ದೇವರಿಗೆ ಕೇಳಿಸುವುದಿಲ್ಲವಾ? ಹೇಳು, ಹೇಳು."

ಜಯಲತಾ ಎದ್ದು ನಿಂತಳು. ಒದ್ದೆ ಕೂದಲಿಗೆ ಟವೆಲನ್ನು ಸೆರಗಿನಂತೆ ಹೊದ್ದುಕೊಂಡಳು. ಜಯಶೀಲಣ್ಣ ವಾಕ್ಯ ಹೇಳಿದ, ನಾಲ್ಕು ಹೆಸರು ಹೇಳಿದ, "ಇನ್ನೂ ಉಂಟು" ಎಂದ. ಆಕೆ ವಾಕ್ಯವನ್ನು ತಿರುಗಿ ಒಪ್ಪಿಸಿ, ಒಂಬತ್ತು ಹೆಸರುಗಳನ್ನೂ ಊರು ಕಷ್ಟಗಳ ಸಮೇತ ಹೇಳಿದಳು. ಸುತ್ತಿಗೆ ನಿಂತಿತ್ತು. ಶೇಖರ ಅದನ್ನೇ ಒಂದೊಂದಾಗಿ ಸಮಿತ್‌ಗೆ ಫೋನಿನಲ್ಲಿ ಹೇಳುವುದು ಕೇಳಿಸಿತು. ಸಮಿತ್ ಟೀಚರಿಗೆ ಹೇಳಿದ್ದಾನೆ ಎಂಬುದು ಮತ್ತೆ ಫೋನು ಬಂದಾಗ ತಿಳಿಯಿತು.

"ಆಂಟಿ, ಸ್ಪೀಕರ್‌ನಲ್ಲಿದ್ದೀನಿ. ಪಹುಂಚ್ ಗಯಾ, ಒಂಬತ್ತೂ ಮುಟ್ಟಿತು. ಟೀಚರ್ ಅಳ್ತಾ ಇದ್ರು." ಸಮಿತ್‌ನ ದನಿಯೂ ಒದ್ದೆಯಿತ್ತು. "ಸಾರಿ ಆಂಟಿ. ನಾನು ಒಂದು ಸಲ ಯಾಕೆ ಅಂತ ಕೇಳಬೇಕಿತ್ತು. ಡೈರೆಕ್ಟ್ ಗೀಟು ಮಾರ್ ದಿಯಾ."

"ನಾನೇ ಹೇಳಿದ್ದಲ್ವಾ ಮಗಾ."

"ಇವಳು ಹೇಳಿದಳು, ಇವನು ಬರೆದ! ಒಳ್ಳೇ ಜೋಡಿ," ಎಂದ ಜಯಶೀಲಣ್ಣ. ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ತಂದು, ಬೇರೆಯವರಿಗೆ ಕೇಳಿಸದಂತೆ, "ನಿನ್ನ ಹೆಸರನ್ನು ನಾನು ರೈಲಿನಲ್ಲಿ ನಿಂತು ಹೇಳಿಕೊಂಡೇ ಬಂದೆ. ಅದೊಂದು ಮಾತ್ರ ಮರೆಯಲಿಲ್ಲ," ಎಂದ.

ಚಿಲಕದ ಕಡ್ಡಿ ಠಣ್ಣೆಂದು ಬಿತ್ತು. ಬಾಗಿಲು ತೆರೆದಾಗ ಹೊರಗಿನ ಬೆಳಕಿಗೆ ಜಯಲತಾ ಕಣ್ಣು ಕಿರಿದು ಮಾಡಿದಳು. ಮೂವರು ಗಂಡಸರೂ ಪ್ಯಾಸೇಜಿನಲ್ಲಿ ಒತ್ತೊತ್ತಾಗಿ ನಿಂತಿದ್ದರು. ಜಯಶೀಲಣ್ಣನ ಅಂಗಿಯ ಎರಡು ಗುಂಡಿ ಗಾಡಿಯಲ್ಲೇ ಹೋಗಿದ್ದವು. ಎದೆ ಬಿಟ್ಟುಕೊಂಡೇ ಬಂದಿದ್ದ. ಆಕೆ ಅದನ್ನು ನೋಡಿದಳು. ಗುಂಡಿ ಹೊಲಿದು ಕೊಡುತ್ತೇನೆ, ಅಂಗಿ ಬಿಚ್ಚಿ ಎಂದಳು. ಅವನು ಮೊದಲು ಉಪ್ಪಿಟ್ಟು ಮಾಡು, ರವೆ ಎಲ್ಲಿದೆಯೆಂದು ನನಗೆ ಗೊತ್ತು ಎಂದ.

ಉಪ್ಪಿಟ್ಟನ್ನು ಆಕೆ ಮಾಡಲು ಶೇಖರ ಬಿಡಲಿಲ್ಲ. ತಾನೇ ಮಾಡಿದ, ಉಪ್ಪು ಮರೆತ. ಎಲ್ಲರೂ ತಿಂದರು. ಒಂಬತ್ತೂ ಮುಕ್ಕಾಲಿಗೆ ಟೀಚರ ಫೋನು ಬಂತು: ಹೆಣ್ಣುಮಗು, ತಾಯಿಯೂ ಸುಖ. ಜಯಶೀಲಣ್ಣ ತಟ್ಟೆ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಜಯಲತಾ," ಎಂದರು ಟೀಚರು, "ನಾಳೆ ಆರೂ ಹತ್ತಕ್ಕೆ ಎಲ್ಲಿರುತ್ತೀ?"

"ಸ್ಟೂಲಿನ ಮೇಲೆ ಟೀಚರೇ."

"ಇರು. ಮತ್ತೆ ಎಂದಾದರೂ ಬಿಡಬೇಕು ಅನಿಸಿದರೆ ನನಗೆ ಹೇಳು, ಪಟ್ಟಿಗೆ ಹೇಳಬೇಡ."

ಚಾವಿವಾಲಾ ಹೊಸ ಚಿಲಕ ಕೂರಿಸಿ, ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟವನು ಹೊಸ್ತಿಲ ಬಳಿ ನಿಂತ. ಒಂದು ಮಾತು ಕೇಳಲೋ ಬೇಡವೋ ಎಂದು ಚೀಲದ ಪಟ್ಟಿ ತಿರುಚುತ್ತಿದ್ದ.

"ದೀದೀ, ಆಪ್ ಲೋಗ್ ವೋ ನಾಮ್ ಬೋಲ್ ರಹೇ ಥೇ. ಬೀಮಾರ್ ಲೋಗೋಂ ಕೇ ಲಿಯೇ ಹೈ ನಾ? ಮೇರೀ ಅಮ್ಮೀ ಕಾ ಭೀ ಬೋಲೇಂಗೇ?"

"ನಾಮ್?"

"ಹಮೀದಾ. ಉಲ್ಲಾಸನಗರ್. ಆಂಖೋಂ ಸೇ ದಿಖತಾ ನಹೀಂ."

ಪ್ರಾರ್ಥನೆಗೆಂದು ಅವನು ಕೊಟ್ಟ, ಕಣ್ಣು ಕಾಣದ ತಾಯಿಯ ಹೆಸರನ್ನು ಜಯಲತಾ ಅವನಿಂದ ಎರಡು ಸಲ ಹೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಟೀಚರ ಫೋನು ಬಂತು. "ಹೆಸರು ಮತ್ತೆ ಒಂಬತ್ತು ಬಂತು. ಸಂಜನಾಳದು ನಾನು ಬಿಟ್ಟಂತೆ ನೀನೂ ಬಿಟ್ಟಿದ್ದೀ, ಸರಿ. ಹಮೀದಾ ಯಾರು? ನಾನು ಹೇಳಿರಲಿಲ್ಲವಲ್ಲ."

"ಬಾಗಿಲು ತೆಗೆದವನ ತಾಯಿ, ಟೀಚರೇ. ಅವನು ಕೇಳಿದ."

ಆ ಕಡೆ ಎಳೆಮಗುವೊಂದು ಅಳುತ್ತಿತ್ತು. ಟೀಚರು ಆಸ್ಪತ್ರೆಯಲ್ಲೇ ಇದ್ದಿರಬೇಕು. ಅವರು ಜೋ ಜೋ ಎಂದು ಅದನ್ನು ತಟ್ಟಿದ್ದು ಕೇಳಿಸಿತು.

"ಆಯ್ತು," ಎಂದರು. "ನಾಳೆಯಿಂದ ಆ ಹೆಸರನ್ನು ನಾನೇ ಹೇಳುತ್ತೇನೆ. ಸರಪಳಿಯ ಮೊದಲಿನಿಂದಲೇ ಬರಲಿ."